ಹಳೇ ಕಾರಿಗೆ ಮನೆಯಲ್ಲೇ ಪೇಂಟ್: ಎಲ್ಲಿಂದ ಶುರು, ಎಲ್ಲಿಗೆ ನಿಲ್ಲಿಸೋದು?

ಕೆಂಪುಡಬ್ಬಿ

ಎಲ್ಲರಿಗೂ ನಮಸ್ಕಾರ. ನನ್ನದೊಂದು ಹಳೇ ಕೆಂಪು ಹ್ಯಾಚ್‌ಬ್ಯಾಕ್. ಎಂಜಿನ್ ಗಟ್ಟಿಮುಟ್ಟಾಗಿದೆ, ಮೈ ಮಾತ್ರ ನೋಡೋ ಹಾಗಿಲ್ಲ. ಬಾನೆಟ್ ಮತ್ತು ರೂಫ್ ಮೇಲೆ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಚಕ್ಕೆ ಚಕ್ಕೆಯಾಗಿ ಏಳುತ್ತಿದೆ. ಉಗುರು ಹಾಕಿದರೆ ಕೈಗೇ ಬರುತ್ತದೆ. ಹಿಂದಿನ ಎಡ ಚಕ್ರದ ಕಮಾನಿನ ಮೇಲೆ ನಾಲ್ಕೈದು ಗುಳ್ಳೆ ಎದ್ದಿವೆ. ಡ್ರೈವರ್ ಕಡೆ ಬಾಗಿಲಲ್ಲಿ ಅಂಗೈ ಅಗಲದ ಡೆಂಟ್.

ಮುಚ್ಚಿದ ಗ್ಯಾರೇಜ್ ಇದೆ. 50 ಲೀಟರಿನ ಕಂಪ್ರೆಸರ್ ಇದೆ. ತಾಳ್ಮೆಯೂ ಇದೆ ಅಂದುಕೊಂಡಿದ್ದೇನೆ. ವಿಡಿಯೋ ನೋಡಿದರೆ ತಲೆ ಕೆಡುತ್ತದೆ. ಒಬ್ಬರು 2ಕೆ (ಗಟ್ಟಿಯಾಗಿಸೋ ಹಾರ್ಡ್ನರ್ ಕಲಸಿ ಹೊಡೆಯೋ ಪೇಂಟ್) ಇಲ್ಲದೆ ಮುಟ್ಟಲೇಬೇಡಿ ಅಂತಾರೆ, ಇನ್ನೊಬ್ಬರು ಸ್ಪ್ರೇ ಡಬ್ಬಿ ಸಾಕು ಅಂತಾರೆ, ಮತ್ತೊಬ್ಬರು ರೋಲರ್‌ನಲ್ಲೇ ಬಳಿದು ಫಳಫಳ ಹೊಳೆಸುತ್ತಾರೆ. ನನಗೆ ಶೋರೂಂ ಫಿನಿಶ್ ಬೇಡ. ತುಕ್ಕು ನಿಲ್ಲಬೇಕು, ಐದಡಿ ದೂರದಿಂದ ನೋಡಿದರೆ ಮುಜುಗರ ಆಗಬಾರದು. ಅಷ್ಟೇ. ಮಾಡಿ ಗೊತ್ತಿರುವವರು ಹೇಳಿ.

ಪುಟ್ಟಿಪೇಪರ್

ಮೊದಲು ಬಾಡಿ ಶಾಪ್‌ನಲ್ಲಿ ಕೆಲಸ ಮಾಡುತ್ತಿದ್ದೆ, ಈಗ ಹವ್ಯಾಸಕ್ಕೆ ಮಾತ್ರ. ನೇರವಾಗಿ ಹೇಳ್ತೀನಿ. ನಿಮ್ಮ ಪ್ರಶ್ನೆಯಲ್ಲಿ ಮುಕ್ಕಾಲು ಭಾಗ ಯಾವ ಪೇಂಟ್ ಅನ್ನೋದರ ಬಗ್ಗೆ ಇದೆ. ಕೆಲಸದಲ್ಲಿ ಮುಕ್ಕಾಲು ಭಾಗ ಪೇಂಟಿನ ಡಬ್ಬಿ ಬಿಚ್ಚೋಕೆ ಮುಂಚೆಯೇ ಮುಗಿದಿರುತ್ತದೆ. ಗನ್ ಹಿಡಿಯೋದು ಕೊನೆಯ ಒಂದು ಗಂಟೆ.

ಇವತ್ತು ಯಾವ ಸಾಮಾನೂ ಕೊಳ್ಳಬೇಡಿ. ಕಾರಿನ ಸುತ್ತ ಒಂದು ಸುತ್ತು ಹಾಕಿ, ಇಷ್ಟು ನೋಡಿ ಬನ್ನಿ.

ಒಂದು ತೆಳು ಮ್ಯಾಗ್ನೆಟ್ ತಗೊಂಡು ಪ್ಯಾನೆಲ್ ಪೂರ್ತಿ ಸವರಿ. ಹಿಡಿತ ಸಡಿಲವಾದ ಕಡೆ ಹಿಂದೆ ಯಾರೋ ಪುಟ್ಟಿ ತುಂಬಿದ್ದಾರೆ ಅಂತ ಅರ್ಥ. ಅಲ್ಯೂಮಿನಿಯಂ ಬಾನೆಟ್ ಆದರೆ ಎಲ್ಲೂ ಅಂಟಲ್ಲ, ಗಾಬರಿ ಬೇಡ. ಆಮೇಲೆ ಕಣ್ಣಿಗೆ ಬೀಳದ ಜಾಗದಲ್ಲಿ, ಬಾಗಿಲ ಒಳ ಅಂಚಿನಲ್ಲಿ ಅನ್ನಿ, ಥಿನ್ನರ್ ಅದ್ದಿದ ಬಟ್ಟೆಯಿಂದ ಒರೆಸಿ. ಬಣ್ಣ ಬಟ್ಟೆಗೆ ಹತ್ತಿದರೆ ಅಲ್ಲಿರೋದು ಲ್ಯಾಕರ್ ಅಥವಾ ಸ್ಪ್ರೇ ಡಬ್ಬಿಯ 1ಕೆ (ಹಾರ್ಡ್ನರ್ ಇಲ್ಲದ) ಪೇಂಟ್. ಅಂಥದ್ದರ ಮೇಲೆ ಜೋರು ಥಿನ್ನರ್ ಇರುವ ಪೇಂಟ್ ಹೊಡೆದರೆ ಕೆಳಗಿನ ಪದರ ಸುಕ್ಕುಗಟ್ಟಿ ಎದ್ದುಬಿಡುತ್ತದೆ. ಕಂಪನಿ ಪೇಂಟ್ ಆದರೆ ಒಲೆಯಲ್ಲಿ ಬೇಯಿಸಿದ್ದು, ಅಲುಗಾಡಲ್ಲ.

ಗುಳ್ಳೆಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಿ. ಧೈರ್ಯವಾಗಿ ಚುಚ್ಚಿ.

ಕೆಂಪುಡಬ್ಬಿ

ಚುಚ್ಚಿದೆ ಅಣ್ಣ. ಎರಡು ಕಡೆ ಸ್ಕ್ರೂಡ್ರೈವರ್ ಒಳಗೇ ಹೋಯಿತು. ಒಳಗಿಂದ ಕಂದು ಪುಡಿ ಉದುರಿತು.

ಬಾಗಿಲ ಅಂಚು ಒರೆಸಿದೆ, ಬಟ್ಟೆಗೆ ಏನೂ ಹತ್ತಲಿಲ್ಲ. ಮ್ಯಾಗ್ನೆಟ್ ಎಲ್ಲ ಕಡೆ ಗಟ್ಟಿಯಾಗಿ ಕೂತಿತು.

ಜಂಗುಶತ್ರು

ಹಾಗಾದರೆ ಆ ಕಮಾನು ಒಳಗಿನಿಂದ ತಿಂದುಕೊಂಡು ಬಂದಿದೆ. ಹೊರಗೆ ಕಾಣೋ ಗುಳ್ಳೆ ಅದರ ಕೊನೆಯ ಹಂತ. ಚಕ್ರ ಎರಚಿದ ಮಣ್ಣು ಕಮಾನಿನ ಒಳ ಮಡಿಕೆಯಲ್ಲಿ ಕೂತು, ವರ್ಷಗಟ್ಟಲೆ ಹಸಿಯಾಗೇ ಇರುತ್ತದೆ. ಎರಡು ತಗಡು ಸೇರುವ ಜಾಗ ಬೇರೆ. ಅಲ್ಲಿ ಕಂಪನಿಯ ಪೇಂಟ್ ಕೂಡ ಸರಿಯಾಗಿ ತಲುಪಿರಲ್ಲ.

ದಯವಿಟ್ಟು ಅದರ ಮೇಲೆ ಪುಟ್ಟಿ ಹಾಕಬೇಡಿ. ಪುಟ್ಟಿಯಲ್ಲಿ ಪಾಲಿಯೆಸ್ಟರ್ ರೆಸಿನ್ ಜೊತೆ ಟಾಲ್ಕ್ ಪುಡಿ ಇರುತ್ತದೆ, ಅದು ನೀರು ಹೀರುತ್ತದೆ. ಹಿಂದಿನಿಂದ ತೂತಿದ್ದರೆ ಹಿಂದಿನಿಂದಲೇ ಹೀರುತ್ತದೆ. ಮುಂದೆ ಎಷ್ಟೇ ಚೆನ್ನಾಗಿ ಪೇಂಟ್ ಹೊಡೆದರೂ ಒಂದು ಮಳೆಗಾಲ ಕಳೆಯೋ ಹೊತ್ತಿಗೆ ಅದೇ ಜಾಗದಲ್ಲಿ ಮತ್ತೆ ಗುಳ್ಳೆ. ತುಕ್ಕನ್ನು ಗಟ್ಟಿ ಪದರವಾಗಿ ಮಾರ್ಪಡಿಸೋ ದ್ರವ, ತುಕ್ಕು ಕನ್ವರ್ಟರ್ ಕೂಡ ಮೇಲ್ಮೈ ತುಕ್ಕಿಗೆ ಮಾತ್ರ. ತೂತಿಗೆ ಇರೋದು ಒಂದೇ ದಾರಿ: ಗಟ್ಟಿ ತಗಡು ಸಿಗೋವರೆಗೆ ಕತ್ತರಿಸಿ, ಹೊಸ ತುಂಡು ವೆಲ್ಡ್ ಮಾಡಿಸಿ. ವೆಲ್ಡಿಂಗ್ ಬಾರದಿದ್ದರೆ ಅದೊಂದನ್ನು ಹೊರಗೆ ಕೊಟ್ಟುಬಿಡಿ. ಸಣ್ಣ ಕೆಲಸ.

ಇನ್ನೊಂದು. ಎಲ್ಲ ಪೇಂಟ್ ಮುಗಿದ ಮೇಲೆ ಕಮಾನಿನ ಒಳಟೊಳ್ಳಿಗೆ ತುಕ್ಕು ತಡೆಯೋ ಮೇಣ, ಕ್ಯಾವಿಟಿ ವ್ಯಾಕ್ಸ್ ಹೊಡೆಯಿರಿ. ಮುಂಚೆ ಹೊಡೆದರೆ ಅದು ಸಂದಿಯಿಂದ ಸೋರಿ ಪೇಂಟ್ ಹಾಳು ಮಾಡುತ್ತದೆ.

ಪುಟ್ಟಿಪೇಪರ್

ಜಂಗುಶತ್ರು ಹೇಳಿದ್ದು ನೂರಕ್ಕೆ ನೂರು ಸರಿ. ಈಗ ಉಳಿದಿದ್ದಕ್ಕೆ ಬರೋಣ.

ಮೊದಲು ತೊಳೆಯೋದು. ಸೋಪು ನೀರಲ್ಲಿ ತೊಳೆದು ಒಣಗಿಸಿ. ಆಮೇಲೆ ವ್ಯಾಕ್ಸ್ ಮತ್ತು ಗ್ರೀಸ್ ತೆಗೆಯುವ ದ್ರಾವಣ. ಎರಡು ಬಟ್ಟೆ ಬೇಕು. ಒಂದರಲ್ಲಿ ಹಸಿಯಾಗಿ ಹಚ್ಚಿ, ಅದು ಆರೋಕೆ ಮುಂಚೆ ಇನ್ನೊಂದು ಒಣ ಬಟ್ಟೆಯಲ್ಲಿ ಎತ್ತಿಬಿಡಿ. ಹಚ್ಚಿ ಹಾಗೇ ಆರೋಕೆ ಬಿಟ್ಟರೆ ಜಿಡ್ಡು ಕರಗಿ ಮತ್ತೆ ಅಲ್ಲೇ ಕೂರುತ್ತದೆ, ಮಾಡಿದ್ದು ವ್ಯರ್ಥ. ಇದು ಉಜ್ಜೋಕೆ ಮುಂಚೆಯೇ ಆಗಬೇಕು. ಜಿಡ್ಡಿರುವ ಪೇಂಟ್ ಮೇಲೆ ಸ್ಯಾಂಡ್‌ಪೇಪರ್ ಆಡಿಸಿದರೆ ಜಿಡ್ಡನ್ನು ಗೀರಿನ ಒಳಗೆ ತುಂಬಿದ ಹಾಗೆ.

ಕ್ಲಿಯರ್ ಕೋಟ್ ಎದ್ದಿರುವ ಬಾನೆಟ್. ಎದ್ದಿರೋ ಜಾಗಕ್ಕೆ ಮಾತ್ರ ಹೊಸ ಕ್ಲಿಯರ್ ಹೊಡೆಯೋ ಆಸೆ ಎಲ್ಲರಿಗೂ ಬರುತ್ತದೆ. ನಡೆಯಲ್ಲ. ಅಂಚಿನಲ್ಲಿ ಗಟ್ಟಿ ಕೂತ ಹಾಗೆ ಕಾಣೋ ಕ್ಲಿಯರ್ ಕೂಡ ಒಳಗೆ ಹಿಡಿತ ಬಿಟ್ಟಿರುತ್ತದೆ. 180 ನಂಬರ್ (ನಂಬರ್ ಹೆಚ್ಚಿದಷ್ಟು ನುಣುಪು) ಸ್ಯಾಂಡ್‌ಪೇಪರ್‌ನಲ್ಲಿ ಶುರು ಮಾಡಿ, ಅಂಚು ಇನ್ನು ಎದ್ದು ಬರಲ್ಲ ಅನ್ನೋವರೆಗೆ ಉಜ್ಜಿ. ಆಮೇಲೆ 320ರಲ್ಲಿ ಅಂಚನ್ನು ಇಳಿಜಾರು ಮಾಡಿ. ಕಣ್ಣು ಮುಚ್ಚಿ ಬೆರಳು ಎಳೆದರೆ ಮೆಟ್ಟಿಲು ಸಿಗಬಾರದು. ಬೆರಳಿಗೆ ಸಿಕ್ಕಿದ್ದು ಪೇಂಟ್ ಆದ ಮೇಲೆ ಹತ್ತು ಪಟ್ಟು ಎದ್ದು ಕಾಣುತ್ತದೆ.

ಡೆಂಟ್. ಹಿಂದಿನಿಂದ ಕೈ ಹೋಗುತ್ತದಾ ನೋಡಿ, ಎಷ್ಟಾಗುತ್ತೋ ಅಷ್ಟು ತಟ್ಟಿ ಎತ್ತಿ. ಪುಟ್ಟಿ ಕೊನೆಯ ಎರಡು ಮೂರು ಮಿಲಿಮೀಟರಿಗೆ ಮಾತ್ರ. ಪೇಂಟ್ ತೆಗೆದು, ಬರೀ ತಗಡಿಗೆ 80 ನಂಬರ್‌ನಲ್ಲಿ ಗೀರು ಹಾಕಿ ಹಚ್ಚಿ. ಹೊಳೆಯುವ ಪೇಂಟ್ ಮೇಲೆ ಹಚ್ಚಿದರೆ ಹಿಡಿಯಲ್ಲ. ಹಾರ್ಡ್ನರ್ ತೂಕದಲ್ಲಿ ಸುಮಾರು 2 ಶೇಕಡಾ. ಬೇಗ ಗಟ್ಟಿಯಾಗಲಿ ಅಂತ ಜಾಸ್ತಿ ಹಾಕೋದು ಸಾಮಾನ್ಯ. ಹಾರ್ಡ್ನರ್ ಒಳಗಿನ ಆ ಹೆಚ್ಚುವರಿ ಪೆರಾಕ್ಸೈಡ್ ಆಮೇಲೆ ಮೇಲಿನ ಬಣ್ಣಕ್ಕೂ ಇಳಿದು ಕಲೆ ಮೂಡಿಸುತ್ತದೆ. ಕಲಸುವಾಗ ಗಾಳಿ ಸೇರುವ ಹಾಗೆ ಬಡಿಯಬೇಡಿ, ಹಲಗೆಗೆ ಒತ್ತಿ ಒತ್ತಿ ಮಡಚಿ. ಗಾಳಿ ಸೇರಿದರೆ ಉಜ್ಜಿದಾಗ ಸೂಜಿ ತೂತುಗಳು. ಮತ್ತೆ ಪುಟ್ಟಿಯನ್ನು ಒಣಗಲೇ ಉಜ್ಜಿ, ನೀರು ತಾಗಿಸಬೇಡಿ. ಕಾರಣ ಆಗಲೇ ಜಂಗುಶತ್ರು ಹೇಳಿದ್ದಾರೆ.

ಹೊಸಗನ್ನು

ಪೇಪರ್ ಸುತ್ತೋ ಗಟ್ಟಿ ಬ್ಲಾಕ್ ಇಟ್ಟೇ ಉಜ್ಜಲೇಬೇಕಾ? ಕೈಯಲ್ಲಿ ಉಜ್ಜಿದರೆ ಏನಾಗುತ್ತೆ?

ಪುಟ್ಟಿಪೇಪರ್

ಕೈಯಲ್ಲಿ ಉಜ್ಜಿದರೆ ಬೆರಳಿನ ಅಚ್ಚು ಬೀಳುತ್ತದೆ. ನಾಲ್ಕು ಬೆರಳು ಒತ್ತಿದ ಕಡೆ ನಾಲ್ಕು ಗುಳಿ, ನಡುವೆ ಮೂರು ದಿಬ್ಬ. ಪ್ರೈಮರ್ ಮಂಕಾಗಿರೋದರಿಂದ ಆಗ ಗೊತ್ತಾಗಲ್ಲ. ಕ್ಲಿಯರ್ ಹೊಡೆದು ಟ್ಯೂಬ್‌ಲೈಟ್ ಬೆಳಕು ಬಿದ್ದಾಗ ಆ ಲೈಟಿನ ಗೆರೆ ಅಲೆ ಅಲೆಯಾಗಿ ಕಾಣುತ್ತದೆ.

ಇದನ್ನು ಮೊದಲೇ ಹಿಡಿಯೋಕೆ ಗೈಡ್ ಕೋಟ್ ಅಂತ ಇದೆ. ಹೆಚ್ಚಿನ ಹವ್ಯಾಸಿಗಳು ಇದನ್ನು ಬಿಟ್ಟುಬಿಡ್ತಾರೆ, ನನಗೆ ಅದೇ ಸಿಟ್ಟು. ಪ್ರೈಮರ್ ಒಣಗಿದ ಮೇಲೆ ಕಪ್ಪು ಸ್ಪ್ರೇ ಡಬ್ಬಿಯನ್ನು ಒಂದೂವರೆ ಅಡಿ ದೂರದಿಂದ ಸುಮ್ನೆ ಚಿಮುಕಿಸಿ. ಮೈತುಂಬ ಕಪ್ಪು ಆಗಬಾರದು, ಚುಕ್ಕೆ ಚುಕ್ಕೆ ಸಾಕು. ಈಗ ಉದ್ದದ ಬ್ಲಾಕಿಗೆ 320 ಪೇಪರ್ ಸುತ್ತಿ, ಒಮ್ಮೆ ಬಲದಿಂದ ಎಡಕ್ಕೆ ಓರೆಯಾಗಿ, ಒಮ್ಮೆ ಎಡದಿಂದ ಬಲಕ್ಕೆ ಓರೆಯಾಗಿ ಉಜ್ಜಿ. ಭಾರ ಹಾಕಬೇಡಿ, ಬ್ಲಾಕಿನ ತೂಕವೇ ಸಾಕು. ಸ್ವಲ್ಪ ಹೊತ್ತಿನಲ್ಲಿ ಪ್ಯಾನೆಲ್ ತಾನೇ ಮಾತಾಡೋಕೆ ಶುರು ಮಾಡುತ್ತದೆ. ಕಪ್ಪು ಹೋಗಿ ಬೂದು ಕಂಡ ಕಡೆ ಮಟ್ಟ ಸರಿ ಇದೆ. ಕಪ್ಪು ಉಳಿದ ಕಡೆ ತಗ್ಗು. ಬೂದು ಕೂಡ ಹೋಗಿ ತಗಡು ಮಿಂಚಿದರೆ ಅದು ದಿಬ್ಬ. ಅಲ್ಲಿ ಇನ್ನು ಉಜ್ಜಬೇಡಿ, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಇಳಿಸಿ.

ಬಾಗಿಲಲ್ಲಿ ಡೆಂಟ್ ಇದ್ದ ಜಾಗದ ಸುತ್ತ ಹೆಚ್ಚಾಗಿ ಒಂದು ಕಪ್ಪು ಉಂಗುರ ಉಳಿಯುತ್ತದೆ. ಪುಟ್ಟಿ ಮುಗಿದು ಪೇಂಟ್ ಶುರುವಾಗುವ ಗಡಿ ಅದು. ಪುಟ್ಟಿ ಮೆದು, ಪೇಂಟ್ ಗಟ್ಟಿ, ಅದಕ್ಕೇ ಗಡಿಯಲ್ಲಿ ತಗ್ಗು ಬೀಳುತ್ತದೆ. ಮತ್ತೊಂದು ಕೈ (ಪದರ) ಪ್ರೈಮರ್, ಮತ್ತೆ ಚಿಮುಕು, ಮತ್ತೆ ಉಜ್ಜು. ಆ ಉಂಗುರ ಹೋಗೋವರೆಗೆ ಬಣ್ಣದ ಯೋಚನೆ ಬೇಡ.

ರೋಲರ್‌ವಾದಿ

ಇಷ್ಟೆಲ್ಲ ಓದಿದರೆ ಯಾರೂ ಕಾರ್ ಮುಟ್ಟಲ್ಲ ಮಾರಾಯ್ರೇ. ಪುಟ್ಟಿ, ಬ್ಲಾಕ್ ಎಲ್ಲ ಒಪ್ಪಿದೆ. ಆದರೆ ಮೇಲಿನ ಬಣ್ಣಕ್ಕೆ ಗನ್ನೇ ಬೇಕು ಅಂತ ಏನಿಲ್ಲ. ಎನಾಮೆಲ್ ಪೇಂಟನ್ನು ತೆಳುವಾಗಿ ಕಲಸಿ, ಸ್ಪಂಜಿನ ಸಣ್ಣ ರೋಲರ್‌ನಲ್ಲಿ ಐದಾರು ತೆಳು ಕೈ. ಎರಡು ಕೈಗೊಮ್ಮೆ 600, ಆಮೇಲೆ 800ರಲ್ಲಿ ನೀರು ಹಾಕಿ ಉಜ್ಜಿ ಮಟ್ಟ ಮಾಡೋದು. ಕೊನೆಗೆ ಕಾಂಪೌಂಡ್ (ಹೊಳಪು ಬರಿಸೋ ಪೇಸ್ಟ್) ಹಾಕಿ ಪಾಲಿಶ್. ಧೂಳು ಮಂಜು ಇಲ್ಲ, ಮಾಸ್ಕಿಂಗ್ ಕಮ್ಮಿ, ಕಂಪ್ರೆಸರ್ ಬೇಡ. ನನ್ನ ಹಳೇ ಜೀಪ್ ಹೀಗೇ ಮಾಡಿದ್ದು, ಇವತ್ತಿಗೂ ಚೆನ್ನಾಗಿದೆ.

ಕೆಂಪು ಸಾದಾ ಬಣ್ಣ ತಾನೇ? ಮೆಟಾಲಿಕ್ ಅಲ್ಲವಲ್ಲ? ಹಾಗಿದ್ದರೆ ರೋಲರ್ ಸರಿಹೋಗುತ್ತದೆ. ಮೆಟಾಲಿಕ್‌ಗೆ ಮಾತ್ರ ಆಗಲ್ಲ. ಅದರ ಅಲ್ಯೂಮಿನಿಯಂ ಚೂರುಗಳು ಒಂದೇ ರೀತಿ ಮಲಗಬೇಕು. ರೋಲರ್‌ನಲ್ಲಿ ಅಡ್ಡಾದಿಡ್ಡಿ ಕೂತು ಪಟ್ಟೆ ಬೀಳುತ್ತದೆ.

ಪುಟ್ಟಿಪೇಪರ್

ಜೀಪಿಗೆ, ಟ್ರೇಲರ್‌ಗೆ ನಾನೂ ಒಪ್ತೀನಿ. ಎರಡು ತಕರಾರು ಇದೆ. ಎನಾಮೆಲ್ ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಗಟ್ಟಿಯಾಗೋಕೆ ವಾರಗಟ್ಟಲೆ ಬೇಕು. ಮುಂದೆ ಮನಸ್ಸು ಬದಲಾಗಿ 2ಕೆ ಹೊಡೆಸೋಣ ಅಂದರೆ ಅದರ ಮೇಲೆ ಹೊಡೆಯೋ ಹಾಗಿಲ್ಲ, ಸುಕ್ಕುಗಟ್ಟುತ್ತದೆ. ಪೂರ್ತಿ ಕೆರೆದು ತೆಗೆಯಬೇಕು. ಅದು ಗೊತ್ತಿದ್ದು ಮಾಡಿದರೆ ಅಡ್ಡಿ ಇಲ್ಲ.

ಇತಿಹಾಸಪ್ರೇಮಿ

ಸ್ವಲ್ಪ ವಿಷಯಾಂತರ, ಕ್ಷಮಿಸಿ. ರೋಲರ್‌ವಾದಿಯವರ ಮಾತು ಕೇಳಿ ನೆನಪಾಯಿತು. ಮೊದಲ ಕಾರುಗಳಿಗೆಲ್ಲ ಬ್ರಷ್‌ನಲ್ಲೇ ವಾರ್ನಿಷ್ ಬಳಿಯುತ್ತಿದ್ದರು. ಕುದುರೆ ಗಾಡಿಯ ಪದ್ಧತಿಯೇ ಮುಂದುವರಿದಿತ್ತು. ಒಂದು ಕಾರು ಒಣಗೋಕೆ ವಾರಗಳು ಹಿಡಿಯುತ್ತಿದ್ದವು. ಅದನ್ನು ಬದಲಿಸಿದ್ದು ಡ್ಯೂಪಾಂಟ್ ಕಂಪನಿಯ ಡ್ಯೂಕೋ ಅನ್ನೋ ನೈಟ್ರೋಸೆಲ್ಯುಲೋಸ್ ಲ್ಯಾಕರ್. ಜನರಲ್ ಮೋಟರ್ಸ್ ಅದನ್ನು ಮೊದಲು ಹೊಡೆದಿದ್ದು 1924ರ ಮಾಡೆಲ್ ಓಕ್‌ಲ್ಯಾಂಡ್ ಕಾರುಗಳಿಗೆ, ನೀಲಿ ಬಣ್ಣದಲ್ಲಿ. ಗಂಟೆಗಳಲ್ಲಿ ಒಣಗುತ್ತಿತ್ತು.

ಸ್ಪ್ರೇ ಗನ್ ಕಥೆ ಇನ್ನೂ ಮಜಾ. ಅಮೆರಿಕದ ಡಾಕ್ಟರ್ ಆಲನ್ ಡಿವಿಲ್ಬಿಸ್ ಗಂಟಲಿಗೆ ಔಷಧಿ ಸಿಂಪಡಿಸೋಕೆ ಅಂತ 1880ರ ದಶಕದಲ್ಲಿ ಒಂದು ಸಾಧನ ಮಾಡಿದ. ಅವನ ಮಗ ಅದೇ ತತ್ವವನ್ನು ಪೇಂಟ್ ಗನ್‌ಗೆ ತಂದ.

ಉಸಿರುಮೊದಲು

ಗಂಟಲಿನ ಮಾತು ಬಂತಲ್ಲ, ಇಲ್ಲೇ ಹೇಳಿಬಿಡ್ತೀನಿ. ಕೈಗಾರಿಕಾ ಸುರಕ್ಷತೆ ನನ್ನ ಕೆಲಸ. ಇಷ್ಟು ಹೊತ್ತು ಯಾರೂ ಮುಖ್ಯ ವಿಷಯ ಎತ್ತಿಲ್ಲ.

2ಕೆ ಕ್ಲಿಯರ್, 2ಕೆ ಬಣ್ಣ, 2ಕೆ ಯುರೆಥೇನ್ ಪ್ರೈಮರ್ ಇವುಗಳ ಹಾರ್ಡ್ನರ್‌ನಲ್ಲಿ ಐಸೋಸೈನೇಟ್ ಅನ್ನೋ ರಾಸಾಯನಿಕ ಇರುತ್ತದೆ. ಗಟ್ಟಿಯಾದ ಮೇಲೆ ಅದು ಏನೂ ಮಾಡಲ್ಲ. ಮಂಜಾಗಿ ಹಾರುವಾಗ ಉಸಿರಿನಲ್ಲಿ ಹೋದರೆ ಆಸ್ತಮಾ ಬರಬಹುದು. ಒಮ್ಮೆ ದೇಹ ಅದಕ್ಕೆ ಸೂಕ್ಷ್ಮವಾದರೆ ಆಮೇಲೆ ತೀರಾ ಸ್ವಲ್ಪ ಸೋಕಿದರೂ ಉಸಿರು ಕಟ್ಟುತ್ತದೆ. ಆ ಸೂಕ್ಷ್ಮತೆ ವಾಪಸ್ ಹೋಗಲ್ಲ. ಇನ್ನೊಂದು ತೊಂದರೆ, ಅದಕ್ಕೆ ಎಚ್ಚರಿಸುವಂಥ ವಾಸನೆ ಇಲ್ಲ. ನಿಮ್ಮ ಮೂಗಿಗೆ ಬರೋದು ಥಿನ್ನರ್ ವಾಸನೆ.

ಕಾರ್ಟ್ರಿಡ್ಜ್ ಮಾಸ್ಕ್ ಹಾಕಿಕೊಂಡರೆ ಸಾಕಲ್ವಾ ಅಂತ ಎಲ್ಲರೂ ಕೇಳ್ತಾರೆ. ಕಾರ್ಟ್ರಿಡ್ಜ್ ಮುಗಿದಿದ್ದು ಸಾಮಾನ್ಯವಾಗಿ ವಾಸನೆಯಿಂದ ಗೊತ್ತಾಗುತ್ತದೆ. ವಾಸನೆಯೇ ಇಲ್ಲದ ವಸ್ತುವಿಗೆ ಹೇಗೆ ಗೊತ್ತಾಗಬೇಕು? ಬ್ರಿಟನ್ನಿನ ಕೆಲಸದ ಸುರಕ್ಷತಾ ಇಲಾಖೆ ಎಚ್‌ಎಸ್‌ಇ, ಈ ಪೇಂಟ್ ಸ್ಪ್ರೇ ಮಾಡುವವರಿಗೆ ಹೊರಗಿನ ಶುದ್ಧ ಗಾಳಿ ಪೈಪಿನಲ್ಲಿ ಬರುವ ಮುಖಕವಚವನ್ನೇ ಹೇಳುತ್ತದೆ. ಗನ್ ನಿಲ್ಲಿಸಿದ ತಕ್ಷಣ ಅದನ್ನು ಎತ್ತಿ ಫಿನಿಶ್ ನೋಡೋ ಅಭ್ಯಾಸವೂ ಅಪಾಯವೇ. ಕಣ್ಣಿಗೆ ಕಾಣದ ಮಂಜು ಇನ್ನೂ ಗಾಳಿಯಲ್ಲಿ ಇರುತ್ತದೆ. ಗಾಳಿ ಹೊರಗೆಳೆಯೋ ಒಳ್ಳೆ ಪೇಂಟ್ ಕೋಣೆಯಲ್ಲೇ (ಬೂತ್) ಅದು ಖಾಲಿಯಾಗೋಕೆ ನಿಮಿಷಗಳು ಬೇಕು. ಮುಚ್ಚಿದ ಗ್ಯಾರೇಜಿನಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಹೊತ್ತು.

ಡಬ್ಬಿಯ ಕೆಳಗೆ ಪಿನ್ ಒತ್ತಿ ಹಾರ್ಡ್ನರ್ ಬಿಡುವ 2ಕೆ ಸ್ಪ್ರೇ ಡಬ್ಬಿಗಳಿಗೂ ಇದೇ ಮಾತು. ಡಬ್ಬಿ ಚಿಕ್ಕದು ಅಂತ ರಾಸಾಯನಿಕ ಬೇರೆ ಆಗಲ್ಲ.

ಹಳೇಕೈ

ನಾವೆಲ್ಲ ಕರ್ಚೀಫ್ ಕಟ್ಟಿಕೊಂಡೇ ಹೊಡೆದವರು. ಏನೂ ಆಗಿಲ್ಲ. ಸುಮ್ನೆ ಹೆದರಿಸಬೇಡಿ.

ಉಸಿರುಮೊದಲು

ನಿಮಗೆ ಏನೂ ಆಗಿಲ್ಲ ಅನ್ನೋದು ಸಂತೋಷ ಸರ್. ಯಾರಿಗೆ ಆಗುತ್ತೆ, ಯಾರಿಗೆ ಆಗಲ್ಲ ಅನ್ನೋದನ್ನು ಮುಂಚೆ ಹೇಳೋಕೆ ಬರಲ್ಲ. ಆದವರು ಆ ಕೆಲಸ ಬಿಟ್ಟು ಹೋಗಿರ್ತಾರೆ, ಹಾಗಾಗಿ ನಮ್ಮ ಜೊತೆ ಕೂತು ಹೇಳೋಕೆ ಅವರು ಇರಲ್ಲ. ನೀವು ಹೊಡೆಯುತ್ತಿದ್ದ ಕಾಲದ ಪೇಂಟ್ ಬಹುಶಃ ಲ್ಯಾಕರ್. ಅದರಲ್ಲಿ ಥಿನ್ನರ್ ಆವಿ ಇತ್ತು, ಈ ಹಾರ್ಡ್ನರ್ ಇರಲಿಲ್ಲ.

ಹಳೇಕೈ

ಲ್ಯಾಕರ್ರೇ ಹೌದು. ಆ ಮಾತು ಒಪ್ಪಿದೆ.

ಕೆಂಪುಡಬ್ಬಿ

ಈಗ ನಿಜಕ್ಕೂ ಗೊಂದಲ. ರೋಲರ್ ಮಾಡಿದರೆ ಮುಂದೆ ದಾರಿ ಬಂದ್. 2ಕೆ ಹೊಡೆದರೆ ಉಸಿರಿಗೆ ಅಪಾಯ. 1ಕೆ ಡಬ್ಬಿ ಹೊಡೆದರೆ?

ಪುಟ್ಟಿಪೇಪರ್

1ಕೆ ಡಬ್ಬಿ ಕ್ಲಿಯರ್ ಮೇಲೆ ಪೆಟ್ರೋಲ್ ಚೆಲ್ಲಿದರೆ ಮೆದುವಾಗುತ್ತದೆ. ಕನ್ನಡಿಗೆ, ಬಂಪರಿನ ಮೂಲೆಗೆ ಸರಿ. ಬಿಸಿಲಿಗೆ ಒಡ್ಡಿಕೊಂಡೇ ಇರುವ ರೂಫಿಗೆ ಬೇಡ. ಡಬ್ಬಿಯಿಂದ ಪೇಂಟ್ ಹರಡೋ ಅಗಲವೂ ಕಮ್ಮಿ. ಅಷ್ಟು ಅಗಲದ ರೂಫಿನಲ್ಲಿ ಒಂದು ಅಂಚಿನಿಂದ ಇನ್ನೊಂದಕ್ಕೆ ಹೋಗೋ ಹೊತ್ತಿಗೆ ಶುರುವಾದ ಕಡೆ ಆರಿರುತ್ತದೆ. ಪಟ್ಟೆ ಗ್ಯಾರಂಟಿ.

ನನ್ನ ಅಭಿಪ್ರಾಯ ಕೇಳಿದರೆ ನಾಲ್ಕನೇ ದಾರಿ ಇದೆ. ಬಿಚ್ಚೋದು, ತೊಳೆಯೋದು, ಡೆಂಟ್, ಪುಟ್ಟಿ, ಪ್ರೈಮರ್, ಬ್ಲಾಕಿಂಗ್ ಎಲ್ಲ ನೀವೇ ಮಾಡಿ. ಬಣ್ಣ ಮತ್ತು ಕ್ಲಿಯರ್ ಮಾತ್ರ ಬೂತ್ ಇರುವ ಶಾಪಿಗೆ ಕೊಡಿ. ಶಾಪಿನಲ್ಲಿ ಕೂಲಿ ತಿನ್ನೋದು ಉಜ್ಜುವ ಗಂಟೆಗಳೇ. ಅದನ್ನು ನೀವು ಉಳಿಸಿದ ಹಾಗಾಯಿತು. ನೀವು ಉಜ್ಜಿದಷ್ಟು ಶ್ರದ್ಧೆಯಿಂದ ಶಾಪಿನವರು ಉಜ್ಜೋದೂ ಇಲ್ಲ ಬಿಡಿ, ಅವರಿಗೆ ಹಿಂದೆ ಇನ್ನೊಂದು ಗಾಡಿ ಕಾಯ್ತಾ ಇರುತ್ತದೆ.

ಪ್ರೈಮರ್‌ಗೆ ಎಪಾಕ್ಸಿ ನೋಡಿ. ಹೆಚ್ಚಿನ ಎಪಾಕ್ಸಿ ಪ್ರೈಮರ್‌ಗಳ ಹಾರ್ಡ್ನರ್ ಅಮೈನ್ ಜಾತಿಯದು, ಐಸೋಸೈನೇಟ್ ಅಲ್ಲ. ಎಲ್ಲವೂ ಹಾಗಲ್ಲ, ಸುರಕ್ಷತಾ ಹಾಳೆ ಓದಿಯೇ ಕೊಳ್ಳಿ. ತಗಡನ್ನು ನೀರಿನಿಂದ ಕಾಯೋದರಲ್ಲಿ ಅದೇ ಮುಂದು. ದಪ್ಪ ತುಂಬುವ ಸಾದಾ ಪ್ರೈಮರ್‌ನಲ್ಲಿ ಸೂಕ್ಷ್ಮ ರಂಧ್ರ ಇರುತ್ತದೆ, ಅದನ್ನೇ ಹೊಡೆದು ಕಾರನ್ನು ಮಳೆಯಲ್ಲಿ ಬಿಟ್ಟರೆ ಕೆಳಗೆ ತುಕ್ಕು ಶುರು. ಇನ್ನೊಂದು ಎಚ್ಚರ. ತುಕ್ಕಿಗೆ ಫಾಸ್ಪಾರಿಕ್ ಆಸಿಡ್ ಹಚ್ಚಿದ್ದರೆ ಅದರ ಮೇಲೆ ನೇರವಾಗಿ ಎಪಾಕ್ಸಿ ಬೇಡ. ಆಸಿಡ್ ಉಳಿದಿದ್ದರೆ ಹಿಡಿತ ಕೆಡುತ್ತದೆ.

ಉಸಿರುಮೊದಲು

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಆದರೆ ಎಪಾಕ್ಸಿಗೂ ನೈಟ್ರೈಲ್ ಗ್ಲೌಸ್, ಕಣ್ಣಿಗೆ ಕನ್ನಡಕ, ಆವಿ ತಡೆಯುವ ಕಾರ್ಟ್ರಿಡ್ಜ್ ಮಾಸ್ಕ್ ಬೇಕೇ ಬೇಕು. ಚರ್ಮಕ್ಕೆ ಅಲರ್ಜಿ ತರೋದರಲ್ಲಿ ಎಪಾಕ್ಸಿ ಏನೂ ಕಮ್ಮಿ ಇಲ್ಲ. ಪುಟ್ಟಿ ಉಜ್ಜುವಾಗ ಎನ್95 ಮಾಸ್ಕ್ ಹಾಕಿ.

ಬೆಂಕಿಯ ಬಗ್ಗೆ ಒಂದು ಮಾತು. ಥಿನ್ನರ್ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಡುತ್ತದೆ. ಗೀಸರ್ ಜ್ವಾಲೆ, ಮನೆಯ ಸಾದಾ ಫ್ಯಾನಿನ ಮೋಟರ್, ಕಂಪ್ರೆಸರ್ ಸ್ವಿಚ್ಚಿನ ಕಿಡಿ, ಯಾವುದೂ ಆ ಜಾಗದಲ್ಲಿ ಇರಬಾರದು. ಕಂಪ್ರೆಸರ್ ಹೊರಗಿಟ್ಟು ಪೈಪ್ ಒಳಗೆ ತನ್ನಿ.

ಗಾಳಿಗಂಟು

ಕಂಪ್ರೆಸರ್ ಹೊರಗಿಟ್ಟರೆ ಇನ್ನೊಂದು ಲಾಭ. ಉದ್ದ ಪೈಪಿನಲ್ಲಿ ಗಾಳಿ ತಣ್ಣಗಾಗುತ್ತದೆ. ಒತ್ತಿದ ಗಾಳಿ ಬಿಸಿಯಾಗಿರುತ್ತದೆ, ಬಿಸಿ ಗಾಳಿಯಲ್ಲಿ ನೀರು ಆವಿಯಾಗೇ ಇರುತ್ತದೆ. ಟ್ಯಾಂಕಿನ ಬಾಯಲ್ಲೇ ವಾಟರ್ ಟ್ರ್ಯಾಪ್ ಹಾಕಿದರೆ ಆವಿ ಅದನ್ನು ದಾಟಿ ಹೋಗಿ, ಮುಂದೆ ಪೈಪಿನಲ್ಲಿ ತಣ್ಣಗಾಗಿ, ಗನ್ ಮೂಗಿನಿಂದ ಹನಿಯಾಗಿ ಬೀಳುತ್ತದೆ. ಟ್ರ್ಯಾಪನ್ನು ಪೈಪಿನ ಆ ಕೊನೆಯಲ್ಲಿ, ಗನ್ ಹತ್ತಿರ ಹಾಕಿ. ಶುರು ಮಾಡೋಕೆ ಮುಂಚೆ ಟ್ಯಾಂಕಿನ ಕೆಳಗಿನ ನಲ್ಲಿ ಬಿಚ್ಚಿ ನೀರು ಬಿಡಿ.

50 ಲೀಟರ್ ಟ್ಯಾಂಕ್ ಅನ್ನೋದು ಮುಖ್ಯ ಅಲ್ಲ. ನಿಮಿಷಕ್ಕೆ ಎಷ್ಟು ಗಾಳಿ ಕೊಡುತ್ತದೆ ಅನ್ನೋದು ಮುಖ್ಯ. ಹೆಚ್ಚು ಗಾಳಿಯನ್ನು ಕಮ್ಮಿ ಒತ್ತಡದಲ್ಲಿ ಬಿಡುವ ಪೂರ್ತಿ ಗಾತ್ರದ ಎಚ್‌ವಿಎಲ್‌ಪಿ ಗನ್ ಸಾಮಾನ್ಯವಾಗಿ ನಿಮಿಷಕ್ಕೆ 10 ಘನ ಅಡಿಗೂ ಮೇಲೆ ಕೇಳುತ್ತದೆ. ಸಣ್ಣ ಕಂಪ್ರೆಸರ್ ಅದರ ಅರ್ಧ ಕೊಟ್ಟರೆ ಹೆಚ್ಚು. ಬಾನೆಟ್ ಅರ್ಧ ಆಗೋ ಹೊತ್ತಿಗೆ ಒತ್ತಡ ಇಳಿದು ಪೇಂಟ್ ಉಗುಳೋಕೆ ಶುರು ಮಾಡುತ್ತದೆ. ಕಮ್ಮಿ ಗಾಳಿ ಕುಡಿಯುವ ಎಲ್‌ವಿಎಲ್‌ಪಿ ಗನ್ ತಗೊಳ್ಳಿ. ಪ್ರೈಮರ್‌ಗೆ ನಾಜಲ್ 1.7 ಅಥವಾ 1.8 ಮಿಲಿಮೀಟರ್. ಬಣ್ಣ, ಕ್ಲಿಯರ್‌ಗೆ 1.3, 1.4.

ಕೈ ಓಡಿಸೋದನ್ನು ಮೊದಲು ರಟ್ಟಿನ ಮೇಲೆ ಕಲಿಯಿರಿ. ಗನ್ ಪ್ಯಾನೆಲ್‌ಗೆ ನೇರ ಇರಬೇಕು, 15ರಿಂದ 20 ಸೆಂಟಿಮೀಟರ್ ದೂರ. ಮಣಿಕಟ್ಟು ತಿರುಗಿಸಬೇಡಿ, ಇಡೀ ತೋಳು ಸರಿಯಲಿ. ಟ್ರಿಗರ್ ಪ್ಯಾನೆಲ್ ಶುರುವಾಗೋಕೆ ಮುಂಚೆ ಒತ್ತಿ, ದಾಟಿದ ಮೇಲೆ ಬಿಡಿ. ಹಿಂದಿನ ಪಟ್ಟಿಯ ಅರ್ಧಕ್ಕಿಂತ ಜಾಸ್ತಿ ಮುಚ್ಚುವ ಹಾಗೆ ಮುಂದಿನ ಪಟ್ಟಿ ಬರಲಿ.

ಹೊಸಗನ್ನು

ನಡುವೆ ಬರ್ತಾ ಇದೀನಿ. ನಾನು ಸ್ಕೂಟರ್ ಪ್ಯಾನೆಲ್‌ಗೆ ಹೊಡೆದಾಗ ಪೇಂಟ್ ಅಲ್ಲಲ್ಲಿ ದುಂಡಗೆ ಬಿಟ್ಟುಕೊಂಡು ಕೆಳಗಿನ ಪ್ರೈಮರ್ ಕಾಣುತ್ತಿದೆ. ಸಣ್ಣ ಸಣ್ಣ ಕುಳಿ. ಮೇಲೆ ಇನ್ನೊಂದು ಕೈ ಹೊಡೆದರೂ ಅದೇ ಜಾಗದಲ್ಲಿ ಮತ್ತೆ ಬಿಟ್ಟುಕೊಳ್ಳುತ್ತೆ. ಏನಿದು?

ಪುಟ್ಟಿಪೇಪರ್

ಫಿಶ್ ಐ ಅಂತಾರೆ. ಸಿಲಿಕೋನ್. ಡ್ಯಾಶ್‌ಬೋರ್ಡಿಗೆ, ಟೈರಿಗೆ ಹೊಳಪು ಕೊಡೋ ಸ್ಪ್ರೇಗಳಲ್ಲಿ ಅದೇ ಇರುತ್ತದೆ. ಅದೇ ಕೋಣೆಯಲ್ಲಿ ಯಾವತ್ತೋ ಹೊಡೆದಿದ್ದು ಬಟ್ಟೆಯಿಂದಲೋ ಕೈಯಿಂದಲೋ ಪ್ಯಾನೆಲ್‌ಗೆ ಬಂದರೂ ಸಾಕು. ಮೇಲೆ ದಪ್ಪವಾಗಿ ಸುರಿಯಬೇಡಿ, ಕುಳಿಯ ಅಂಚು ಇನ್ನೂ ದಪ್ಪ ಆಗುತ್ತದೆ. ಪೂರ್ತಿ ಒಣಗಲಿ. ಕುಳಿ ಮಟ್ಟಕ್ಕೆ ಉಜ್ಜಿ, ಎರಡು ಬಟ್ಟೆ ಪದ್ಧತಿಯಲ್ಲಿ ಹೊಸ ಬಟ್ಟೆಯಿಂದ ಒರೆಸಿ, ಆಮೇಲೆ ಮೊದಲೆರಡು ಕೈ ಒಣಒಣವಾಗಿ ಮಂಜಿನಂತೆ ಹೊಡೆಯಿರಿ. ಗ್ಯಾರೇಜಿನಿಂದ ಆ ಹೊಳಪಿನ ಡಬ್ಬಿಗಳನ್ನು ಹೊರಗೆ ಹಾಕಿ.

ಬಣ್ಣಗಣ್ಣು

ಕೆಂಪುಡಬ್ಬಿಯವರೇ, ಬಣ್ಣ ಶಾಪಿಗೆ ಕೊಟ್ಟರೂ ನೀವು ಇಷ್ಟು ನೋಡಿಕೊಳ್ಳಿ. ಪೇಂಟ್ ಕೋಡ್ ಬಾಗಿಲ ಕಂಬದಲ್ಲಿ, ಬಾನೆಟ್ ಕೆಳಗೆ ಅಥವಾ ಸ್ಟೆಪ್ನಿ ಗುಂಡಿಯ ಹತ್ತಿರದ ಸ್ಟಿಕರ್‌ನಲ್ಲಿ ಇರುತ್ತದೆ. ಅದೇ ಕೋಡಿಗೂ ಒಂದಕ್ಕಿಂತ ಹೆಚ್ಚು ಛಾಯೆ ಇರೋದು ಮಾಮೂಲು. ನಿಮ್ಮ ಕಾರು ಬಿಸಿಲಿಗೆ ಮಾಸಿದ್ದು ಬೇರೆ. ಮೊದಲು ಒಂದು ಕಾರ್ಡಿನ ಮೇಲೆ ಬಣ್ಣ ಮತ್ತು ಕ್ಲಿಯರ್ ಎರಡನ್ನೂ ಹೊಡೆಸಿ, ಒಣಗಿದ ಮೇಲೆ ಪಾಲಿಶ್ ಮಾಡಿದ ಹಳೇ ಪೇಂಟ್ ಪಕ್ಕ ಹಿಡಿದು ನೋಡಿ. ಒಮ್ಮೆ ಬಿಸಿಲಿನಲ್ಲಿ, ಒಮ್ಮೆ ನೆರಳಿನಲ್ಲಿ. ಒಂದರಲ್ಲಿ ಕೂಡಿದ್ದು ಇನ್ನೊಂದರಲ್ಲಿ ಕೂಡದೇ ಇರಬಹುದು.

ಕೆಂಪಿಗೆ ಇನ್ನೊಂದು ಗುಣ. ಹೆಚ್ಚಿನ ಹೊಳೆಯುವ ಕೆಂಪುಗಳು ಕೆಳಗಿನದನ್ನು ಬೇಗ ಮುಚ್ಚಲ್ಲ. ಅರ್ಧ ಬೂದು ಪ್ರೈಮರ್, ಅರ್ಧ ಹಳೇ ಕೆಂಪು ಇರುವ ಪ್ಯಾನೆಲ್ ಮೇಲೆ ಹೊಡೆದರೆ ಮೂರು ಕೈ ಆದರೂ ಗಡಿ ಕಾಣುತ್ತದೆ. ಪ್ಯಾನೆಲ್ ಪೂರ್ತಿ ಒಂದೇ ಬಣ್ಣದ ಪ್ರೈಮರ್ ಇರಲಿ. ಎಷ್ಟು ಗಾಢದ ಬೂದು ಬೇಕು ಅಂತ ಬಣ್ಣದ ಫಾರ್ಮುಲಾದ ಜೊತೆಗೇ ಎಷ್ಟೋ ಸಲ ಕೊಟ್ಟಿರುತ್ತಾರೆ.

ಬಾಗಿಲಿಗೆ ಮಾತ್ರ ಹೊಡೆದರೆ ಪಕ್ಕದ ಫೆಂಡರ್ ಜೊತೆ ಎದ್ದು ಕಾಣುತ್ತದೆ. ಹೊಸ ಬಣ್ಣವನ್ನು ಫೆಂಡರಿನ ಮೇಲೆ ಸ್ವಲ್ಪ ಸ್ವಲ್ಪವೇ ತೆಳುವಾಗಿಸಿ ಕರಗಿಸಬೇಕು, ಕ್ಲಿಯರ್ ಮಾತ್ರ ಎರಡೂ ಪ್ಯಾನೆಲ್‌ಗೆ ಪೂರ್ತಿ. ಹಾಗಾಗಿ ಮುಂದಿನ ಫೆಂಡರ್ ಮತ್ತು ಹಿಂದಿನ ಬಾಗಿಲನ್ನೂ ಉಜ್ಜಿ ತಯಾರು ಮಾಡಿಟ್ಟುಕೊಳ್ಳಿ.

ಕೆಂಪುಡಬ್ಬಿ

ತೀರ್ಮಾನ ಮಾಡಿದೆ. ಕಮಾನು ವೆಲ್ಡಿಂಗಿಗೆ, ಉಜ್ಜೋದು ಮತ್ತು ಎಪಾಕ್ಸಿ ನನ್ನದು, ಬಣ್ಣ ಬೂತಿಗೆ. ಶಾಪಿನವರ ಹತ್ತಿರ ಮಾತಾಡಿದೆ. ಪ್ರೈಮರ್ ಆದ ಕಾರು ತಂದರೆ ಹೊಡೆದುಕೊಡ್ತೀವಿ, ಆದರೆ ಕೆಳಗಿನ ಕೆಲಸಕ್ಕೆ ನಮ್ಮ ಗ್ಯಾರಂಟಿ ಇಲ್ಲ ಅಂದರು. ನ್ಯಾಯವೇ.

ಕ್ಲಿಯರ್ ಆದ ಮೇಲೆ ಧೂಳಿನ ಕಣ ಕೂತಿದ್ದರೆ ನಾನೇ ತೆಗೆಯಬಹುದಾ?

ಪುಟ್ಟಿಪೇಪರ್

ತೆಗೆಯಬಹುದು. ಅವರು ಹೇಳಿದಷ್ಟು ಹೊತ್ತು ಗಟ್ಟಿಯಾಗೋಕೆ ಬಿಟ್ಟು, 2000 ನಂಬರ್ ಪೇಪರನ್ನು ಸೋಪು ನೀರಲ್ಲಿ ನೆನೆಸಿ, ಸಣ್ಣ ಗಟ್ಟಿ ಬ್ಲಾಕಿನಲ್ಲಿ ಆ ಕಣದ ಮೇಲೆ ಮಾತ್ರ. ಆಮೇಲೆ 3000, ಆಮೇಲೆ ಕಾಂಪೌಂಡ್. ಕ್ಲಿಯರ್ ದಪ್ಪ ಸುಮಾರು 50 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ. ಬಾನೆಟ್ ಅಂಚಲ್ಲಿ, ಬಾಗಿಲ ಮೈಮೇಲಿನ ಏಣಿನಲ್ಲಿ ಅದಕ್ಕಿಂತಲೂ ತೆಳು. ಅಲ್ಲಿಗೆ ಮಾಸ್ಕಿಂಗ್ ಟೇಪ್ ಅಂಟಿಸಿಟ್ಟೇ ಪಾಲಿಶ್ ಮಾಡಿ. ಮೇಲೆ ವ್ಯಾಕ್ಸ್ ಹಚ್ಚೋಕೆ ಮಾತ್ರ ಅವಸರ ಬೇಡ, ಪೇಂಟ್ ಕಂಪನಿ ಎಷ್ಟು ದಿನ ಕಾಯೋಕೆ ಹೇಳುತ್ತೋ ಅಷ್ಟು ಕಾಯಿರಿ.

ಕೆಂಪುಡಬ್ಬಿ

ಕೊನೆಯ ಪ್ರಶ್ನೆ. ಎಪಾಕ್ಸಿ ಹೊಡೆದು ಶಾಪಿನ ಸರದಿ ಬರೋಕೆ ತಡವಾದರೆ? ಮತ್ತೆ ಬಾಗಿಲ ಹ್ಯಾಂಡಲ್, ಗಾಜಿನ ಕೆಳಗಿನ ರಬ್ಬರ್ ಬೀಡಿಂಗಿಗೆ ಟೇಪ್ ಸುತ್ತಿದರೆ ಸಾಕಾ?

ಪುಟ್ಟಿಪೇಪರ್

ಡಬ್ಬಿಯ ಡೇಟಾ ಶೀಟ್‌ನಲ್ಲಿ ಎಷ್ಟು ಹೊತ್ತಿನೊಳಗೆ ಮುಂದಿನ ಪದರ ಹೊಡೆಯಬೇಕು ಅಂತ ಬರೆದಿರುತ್ತಾರೆ. ಅದು ದಾಟಿದರೆ ಹಿಡಿತ ಕಮ್ಮಿ. ಆಗ 400ರಲ್ಲಿ ಮಂಕಾಗೋವರೆಗೆ ಉಜ್ಜಿ ಕೊಡಿ, ತೊಂದರೆ ಇಲ್ಲ. ಆ ಶೀಟನ್ನೇ ಶಾಪಿನವರಿಗೂ ತೋರಿಸಿ. ಕೆಳಗೆ ಏನಿದೆ ಅಂತ ಅವರಿಗೆ ಗೊತ್ತಿರಬೇಕು.

ಹ್ಯಾಂಡಲ್ ಬಿಚ್ಚಿ. ಬೀಡಿಂಗ್ ಬಿಚ್ಚಿ. ಟೇಪ್ ಅಂಚಿನಲ್ಲಿ ಕ್ಲಿಯರ್ ಗೋಡೆ ಕಟ್ಟುತ್ತದೆ, ಮುಂದೆ ಚಕ್ಕೆ ಏಳೋದು ಅಲ್ಲಿಂದಲೇ. ನಿಮ್ಮ ರೂಫಿನಲ್ಲಿ ಬೀಡಿಂಗ್ ಪಕ್ಕದ ಗೆರೆ ಗಮನಿಸಿ ನೋಡಿ, ಅಲ್ಲೂ ಹಾಗೇ ಎದ್ದಿರಬಹುದು.

ಕೆಂಪುಡಬ್ಬಿ

ನೋಡಿದೆ ಅಣ್ಣ. ಬೀಡಿಂಗ್ ಉದ್ದಕ್ಕೂ ಎದ್ದಿದೆ. ನಾಳೆ ಬಿಚ್ಚೋಕೆ ಶುರು ಮಾಡ್ತೀನಿ.